ಮುಂದಕ್ಕೆ ಹಾಕಿದ ಮಾತು



ಕಳೆದ ತಿಂಗಳು ಹಾವೇರಿ ಸೀಮೆಯ ಭಕ್ತರೊಬ್ಬರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಪ್ರಸಾದವಾದ ತರುವಾಯ ಹಿರಿಯರೂ ಕಿರಿಯರೂ ಪಡಸಾಲೆಯಲ್ಲಿ ಎಲೆ-ಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದಾಗ ಮಾತು ಹೇಗೋ ಗಾಜಾದ ಕಡೆಗೆ ಹೊರಳಿತು. ಯಜಮಾನರ ತಮ್ಮನ ಮಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವವನು. ಅವನದು ಇಸ್ರೇಲಿನ ಪಕ್ಷ. ಯಜಮಾನರ ಮಗಳು ಕಾಲೇಜಿನಲ್ಲಿ ಇತಿಹಾಸವನ್ನು ಬೋಧಿಸುವವಳು. ಅವಳದು ಪ್ಯಾಲೆಸ್ಟೀನಿನ ಪಕ್ಷ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಅಣ್ಣ-ತಂಗಿಯರ ದನಿ ಏರುತ್ತ ಹೋಗಿ, ಕೊನೆಗೆ ಮಗಳು ಎದ್ದು ಒಳಮನೆಗೆ ನಡೆದುಬಿಟ್ಟಳು. ಆಗ ಗೋಡೆಗೆ ಒರಗಿ ಕುಳಿತಿದ್ದ ಆ ಮನೆಯ ಹಿರಿಯ ತಾಯಿ ನನ್ನ ಕಡೆ ತಿರುಗಿ, "ಶಾಸ್ತ್ರಿಗಳ, ಯಾರು ಸರಿ ಯಾರು ತಪ್ಪು ಅನ್ನೂದು ಇರಲಿ. ಇದು ಎಂದಾದರೂ ಮುಗೀತೈತೇನು, ಅದನ್ನ ಹೇಳ್ರಿ" ಎಂದರು.

ಆ ಕ್ಷಣಕ್ಕೆ ನಾನು ಏನೋ ಹೇಳಿ ಜಾರಿಕೊಂಡೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಯಾರು ಸರಿ ಎಂಬ ವಾದಕ್ಕೆ ಪುರಾವೆಗಳು ಎರಡೂ ಕಡೆ ರಾಶಿಯಾಗಿ ಬಿದ್ದಿವೆ. ಮುಗಿಯುವುದು ಹೇಗೆ ಎಂಬ ವಿಚಾರಕ್ಕೆ ಕೈಹಾಕುವವರು ವಿರಳ. ಆದ್ದರಿಂದ ಈ ತಿಂಗಳ ಅಂಕಣವನ್ನು ಆ ತಾಯಿಯ ಪ್ರಶ್ನೆಗೆ ಮೀಸಲಿಟ್ಟಿದ್ದೇನೆ.

ಆ ನೆಲಕ್ಕೂ ನಮಗೂ ಏನು ನಂಟು ಎಂದು ಕೆಲವರು ಕೇಳಬಹುದು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಅಶ್ವದಳದ ವೀರರ ಸ್ಮಾರಕವೊಂದಿದೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಸೇರಿ ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದುಕೊಟ್ಟವರು ಈ ಮೈಸೂರಿನ ಸವಾರರೇ. ಇಂದು ಮಂಗಳೂರಿನ ಕಡೆಯ ಅನೇಕ ಹೆಣ್ಣುಮಕ್ಕಳು, ಗಂಡುಮಕ್ಕಳು ಇಸ್ರೇಲಿನ ಮನೆಗಳಲ್ಲಿ ವೃದ್ಧರ ಶುಶ್ರೂಷೆ ಮಾಡಿ ಊರಿಗೆ ಹಣ ಕಳುಹಿಸುತ್ತಿದ್ದಾರೆ. ಅಲ್ಲಿ ಸಿಡಿಮದ್ದು ಬಿದ್ದರೆ ಇಲ್ಲಿ ಕೆಲವು ಮನೆಗಳಲ್ಲಿ ರಾತ್ರಿ ನಿದ್ದೆಯಿರುವುದಿಲ್ಲ.

ಜಗಳದ ಮೂಲ

ಇತಿಹಾಸವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. 1917ರ ನವೆಂಬರ್‌ನಲ್ಲಿ ಬ್ರಿಟನ್ನಿನ ವಿದೇಶಾಂಗ ಸಚಿವ ಬಾಲ್ಫೋರರು, ಪ್ಯಾಲೆಸ್ಟೀನಿನಲ್ಲಿ ಯೆಹೂದ್ಯ ಜನಾಂಗಕ್ಕೆ ಒಂದು ರಾಷ್ಟ್ರೀಯ ನೆಲೆ ಕಲ್ಪಿಸುವುದಕ್ಕೆ ತಮ್ಮ ಸರಕಾರದ ಒಲವಿದೆಯೆಂದು ಘೋಷಿಸಿದರು. ಆಗ ಆ ನಾಡಿನ ಜನರಲ್ಲಿ ಯೆಹೂದ್ಯರು ಹೆಚ್ಚು ಕಡಿಮೆ ಹತ್ತರಲ್ಲಿ ಒಂದು ಪಾಲು. ಉಳಿದ ಒಂಬತ್ತು ಪಾಲಿನ ಜನರ ಧಾರ್ಮಿಕ, ನಾಗರಿಕ ಹಕ್ಕುಗಳಿಗೆ ಧಕ್ಕೆಯಾಗಬಾರದೆಂದೂ ಅದೇ ಪತ್ರ ಹೇಳಿತು. ಒಂದೇ ನೆಲದ ಬಗೆಗೆ ಕೊಟ್ಟ ಈ ಎರಡು ಮಾತುಗಳನ್ನು ಒಟ್ಟಿಗೆ ನಡೆಸಿಕೊಡುವುದು ಹೇಗೆಂದು ಮಾತು ಕೊಟ್ಟವರೇ ಯೋಚಿಸಿರಲಿಲ್ಲ.

ಅನಂತರ ಯುರೋಪಿನಲ್ಲಿ ಹಿಟ್ಲರನ ಆಡಳಿತ ಸುಮಾರು 60 ಲಕ್ಷ ಯೆಹೂದ್ಯರನ್ನು ಕೊಂದಿತು. ಬದುಕಿ ಉಳಿದವರಿಗೆ ತಮ್ಮದೊಂದು ನೆಲೆ ಪ್ರಾಣವಾಯುವಿನಷ್ಟೇ ಅಗತ್ಯವಾಗಿ ತೋರಿತು. 1947ರ ನವೆಂಬರ್ 29ರಂದು ವಿಶ್ವಸಂಸ್ಥೆಯ ಮಹಾಸಭೆ 33 ಮತಗಳ ಬೆಂಬಲದಿಂದ ನಾಡನ್ನು ಎರಡಾಗಿ ಹಂಚುವ ನಿರ್ಣಯ ಮಾಡಿತು. ವಿರೋಧಿಸಿದ 13 ರಾಷ್ಟ್ರಗಳಲ್ಲಿ ಭಾರತವೂ ಒಂದು. ಅದಕ್ಕೂ ಮುನ್ನ ವಿಶ್ವಸಂಸ್ಥೆಯ ವಿಚಾರಣಾ ಸಮಿತಿಯಲ್ಲಿ ಭಾರತ, ಇರಾನ್, ಯುಗೋಸ್ಲಾವಿಯ ಈ ಮೂರು ದೇಶಗಳು, ನಾಡನ್ನು ಒಡೆಯದೆ ಎರಡು ಜನಾಂಗಗಳ ಒಂದು ಸಂಯುಕ್ತ ರಾಜ್ಯವನ್ನು ಕಟ್ಟಬೇಕೆಂದು ಸಲಹೆ ಮಾಡಿದ್ದವು. ಅದು ಅಲ್ಪಮತವಾಗಿ ಬಿದ್ದುಹೋಯಿತು.

ಹಂಚಿಕೆಯನ್ನು ಯೆಹೂದ್ಯ ನಾಯಕರು ಒಪ್ಪಿದರು, ಅರಬ್ ನಾಯಕರು ತಿರಸ್ಕರಿಸಿದರು. 1948ರ ಮೇ 14ರಂದು ಇಸ್ರೇಲ್ ಉದಯವಾಯಿತು. ಮರುದಿನವೇ ನೆರೆಯ ಅರಬ್ ಸೇನೆಗಳು ನುಗ್ಗಿದವು. ಯುದ್ಧ ಮುಗಿದಾಗ ಸುಮಾರು ಏಳು ಲಕ್ಷ ಪ್ಯಾಲೆಸ್ಟೀನಿಯರು ಮನೆಮಠ ಕಳೆದುಕೊಂಡಿದ್ದರು. ಇದನ್ನು ಅವರು 'ನಕ್ಬಾ', ಅಂದರೆ ಮಹಾವಿಪತ್ತು, ಎಂದು ಕರೆಯುತ್ತಾರೆ. ಅಂತೆಯೇ ಮುಂದಿನ ವರ್ಷಗಳಲ್ಲಿ ಅರಬ್ ದೇಶಗಳಲ್ಲಿ ತಲೆತಲಾಂತರದಿಂದ ಬಾಳಿದ್ದ ಲಕ್ಷಾಂತರ ಯೆಹೂದ್ಯರೂ ಉಟ್ಟ ಬಟ್ಟೆಯಲ್ಲಿ ಇಸ್ರೇಲಿಗೆ ಬರಬೇಕಾಯಿತು. 1967ರ ಜೂನ್‌ನ ಆರು ದಿನಗಳ ಯುದ್ಧದಲ್ಲಿ ಪಶ್ಚಿಮ ದಂಡೆ, ಪೂರ್ವ ಜೆರುಸಲೇಂ, ಗಾಜಾ ಪಟ್ಟಿ, ಈಜಿಪ್ಟಿನ ಸಿನಾಯ್, ಸಿರಿಯಾದ ಗೋಲಾನ್ ಇಸ್ರೇಲಿನ ವಶವಾದವು. ಅಂದಿನಿಂದ ಜಗಳದ ಮುಖ್ಯ ಪ್ರಶ್ನೆ ಇದು: ಆ ನೆಲವನ್ನು ಬಿಟ್ಟುಕೊಟ್ಟು ಶಾಂತಿಯನ್ನು ಪಡೆಯಬಹುದೇ?

ಒಂದೇ ದಿನದ ಎರಡು ಪತ್ರಗಳು

ಈ ಪ್ರಶ್ನೆಗೆ ಇತಿಹಾಸವೇ ಒಂದು ಪರೀಕ್ಷೆಯನ್ನು ಒಡ್ಡಿ ಉತ್ತರವನ್ನೂ ಬರೆದಿಟ್ಟಿದೆ. ಅದನ್ನು ಗಮನಿಸಿದವರು ಕಡಿಮೆ. 1978ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಕಾರ್ಟರರು ಈಜಿಪ್ಟಿನ ಸಾದಾತ್, ಇಸ್ರೇಲಿನ ಬೆಗಿನ್ ಇಬ್ಬರನ್ನೂ ಕ್ಯಾಂಪ್ ಡೇವಿಡ್‌ನಲ್ಲಿ ಹದಿಮೂರು ದಿನ ಕೂರಿಸಿಕೊಂಡರು. ಸೆಪ್ಟೆಂಬರ್ 17ರಂದು ಅವರು ಒಂದಲ್ಲ, ಎರಡು ಪತ್ರಗಳಿಗೆ ಸಹಿ ಹಾಕಿದರು.

ಒಂದು ಪತ್ರ ಈಜಿಪ್ಟಿಗೂ ಇಸ್ರೇಲಿಗೂ ಸಂಬಂಧಿಸಿದ್ದು. ಅದರಲ್ಲಿ ಕೊನೆಯನ್ನು ಮೊದಲೇ ಬರೆಯಲಾಗಿತ್ತು. ಸಿನಾಯ್ ಪೂರ್ತಿಯಾಗಿ ಈಜಿಪ್ಟಿಗೆ ಮರಳಬೇಕು, ಈಜಿಪ್ಟ್ ಇಸ್ರೇಲನ್ನು ಪೂರ್ತಿಯಾಗಿ ಮಾನ್ಯ ಮಾಡಬೇಕು, ಸೇನೆ ಎಲ್ಲೆಲ್ಲಿ ಎಷ್ಟಿರಬೇಕು ಎಂಬುದಕ್ಕೆ ಕಟ್ಟಳೆ. 1979ರ ಮಾರ್ಚ್ 26ರಂದು ಅದು ಒಪ್ಪಂದವಾಯಿತು. ಈಜಿಪ್ಟನ್ನು ಅರಬ್ ಲೀಗಿನಿಂದ ಹೊರಗಿಡಲಾಯಿತು. 1981ರ ಅಕ್ಟೋಬರ್ 6ರಂದು ಸಾದಾತರನ್ನು ಅವರದೇ ಸೈನಿಕರು ಗುಂಡಿಟ್ಟು ಕೊಂದರು. ಆದರೂ ಒಪ್ಪಂದ ಮುರಿಯಲಿಲ್ಲ. 1982ರ ಏಪ್ರಿಲ್‌ನಲ್ಲಿ ಇಸ್ರೇಲ್ ಸಿನಾಯಿನಲ್ಲಿದ್ದ ಯಮಿತ್ ಎಂಬ ತನ್ನ ಪಟ್ಟಣವನ್ನು, ಮನೆಗಳ ಮಾಡು ಹತ್ತಿ ಪ್ರತಿಭಟಿಸಿದ ತನ್ನ ಜನರನ್ನು ಇಳಿಸಿ, ತಾನೇ ಕೆಡವಿ ಹೊರಟುಬಂದಿತು. ತಾಬಾ ಎಂಬ ಕಡಲಂಚಿನ ಚಿಕ್ಕ ತುಂಡು ಭೂಮಿಯ ಗಡಿಕಲ್ಲು ಎಲ್ಲಿ ನಿಲ್ಲಬೇಕೆಂಬ ತಕರಾರು ಮಾತ್ರ ಉಳಿಯಿತು. ಅದನ್ನು ಪಂಚಾಯ್ತಿಗೆ ಒಪ್ಪಿಸಬೇಕೆಂದು ಒಪ್ಪಂದದಲ್ಲೇ ದಾರಿ ಬರೆದಿತ್ತು. 1988ರಲ್ಲಿ ಅಂತರರಾಷ್ಟ್ರೀಯ ಪಂಚರು ಈಜಿಪ್ಟಿನ ಪರವಾಗಿ ತೀರ್ಪಿತ್ತರು. 1989ರಲ್ಲಿ ಇಸ್ರೇಲ್ ಬಿಟ್ಟುಕೊಟ್ಟಿತು. ಗಾಜಾದ ಬೆಂಕಿಯ ನಡುವೆಯೂ ಆ ಒಪ್ಪಂದ ಬಿದ್ದಿಲ್ಲ.

ಎರಡನೆಯ ಪತ್ರ ಪ್ಯಾಲೆಸ್ಟೀನಿಯರ ವಿಚಾರದ್ದು. ಅವರ ಪ್ರತಿನಿಧಿಗಳು ಅಲ್ಲಿರಲಿಲ್ಲ. ಅದರಲ್ಲಿ ಕೊನೆಯನ್ನು ಬರೆಯಲಿಲ್ಲ. ಐದು ವರ್ಷ ಮಧ್ಯಕಾಲದ ಸ್ವಯಮಾಡಳಿತ ನಡೆಯಲಿ, ಅಂತಿಮ ವಿಚಾರವನ್ನು ಮೂರನೆಯ ವರ್ಷದೊಳಗೆ ಮಾತನಾಡೋಣ ಎಂದಷ್ಟೇ ಬರೆಯಲಾಯಿತು. ಆ ಐದು ವರ್ಷದ ಲೆಕ್ಕ ಆರಂಭವಾಗಲೇ ಇಲ್ಲ. ಅದೇ ಕೈಗಳು, ಅದೇ ದಿನ, ಅದೇ ಸಾಕ್ಷಿ. ಕೊನೆಯನ್ನು ಬರೆದ ಪತ್ರ ಉಳಿಯಿತು. ಕೊನೆಯನ್ನು ಮುಂದಕ್ಕೆ ಹಾಕಿದ ಪತ್ರ ಒಣಗಿಹೋಯಿತು.

ಇದನ್ನು ಓದುವಾಗಲೆಲ್ಲ ನನಗೆ ನನ್ನದೇ ಒಂದು ತಪ್ಪು ನೆನಪಾಗುತ್ತದೆ. ಮಠದಲ್ಲಿ ಓದುತ್ತಿದ್ದ ಕಾಲ. ಸಮೀಪದ ಹಳ್ಳಿಯಲ್ಲಿ ಅಣ್ಣತಮ್ಮಂದಿರಿಬ್ಬರು ಬೇರೆಯಾಗುವುದಕ್ಕೆ ಪಂಚರು ಕೂಡಿದ್ದರು. ನನ್ನ ಅಕ್ಷರ ದುಂಡಗಿದೆಯೆಂದು ವಾಟ್ನಿಪತ್ರ ಬರೆಯುವ ಕೆಲಸ ನನಗೆ ಬಂತು. ಹೊಲ, ಮನೆ, ಎತ್ತು, ಕೊಟ್ಟಿಗೆ, ಹಗೇವು ಎಲ್ಲವೂ ಒಂದೇ ದಿನದಲ್ಲಿ ಹಂಚಿಕೆಯಾದವು. ಎರಡೂ ಹೊಲಗಳ ನಡುವಿನ ಬಾವಿಯ ವಿಚಾರ ಬಂದಾಗ ಇಬ್ಬರೂ ಮುಖ ಬಿಗಿದರು. ಹೊತ್ತು ಮುಳುಗುತ್ತಿತ್ತು. ಹಿರಿಯರೊಬ್ಬರು, "ಒಳ್ಳೆಯ ದಿನ, ಕೆಡಿಸುವುದು ಬೇಡ" ಎಂದರು. ನಾನು "ಬಾವಿಯ ವಿಷಯವನ್ನು ಮುಂದೆ ಒಮ್ಮತದಿಂದ ತೀರ್ಮಾನಿಸಿಕೊಳ್ಳತಕ್ಕದ್ದು" ಎಂದು ದುಂಡಗೆ ಬರೆದೆ. ಎಲ್ಲರೂ ನಿಟ್ಟುಸಿರು ಬಿಟ್ಟು ಊಟಕ್ಕೆದ್ದರು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅಣ್ಣ ಪಂಪು ಕೂರಿಸಿದ, ತಮ್ಮ ಪೈಪು ಕಿತ್ತ, ತಲೆ ಒಡೆಯಿತು. ವ್ಯಾಜ್ಯ ಹದಿನಾಲ್ಕು ವರ್ಷ ನಡೆಯಿತು. ನಾನು ಬರೆದ ಆ ಒಂದು ಸಾಲನ್ನು ಎರಡೂ ಕಡೆಯ ವಕೀಲರು ತಮ್ಮ ತಮ್ಮ ಪರವಾಗಿ ಓದಿದರಂತೆ.

ಈ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಆ ಅಣ್ಣತಮ್ಮಂದಿರು ಸಮಬಲರು. ಇಸ್ರೇಲ್ ಪ್ಯಾಲೆಸ್ಟೀನುಗಳಲ್ಲಿ ಒಬ್ಬರಿಗೆ ರಾಜ್ಯವಿದೆ, ಸೇನೆಯಿದೆ. ಇನ್ನೊಬ್ಬರಿಗೆ ಅವೆರಡೂ ಇಲ್ಲ. ಆದರೆ ಕಠಿಣ ಮಾತನ್ನು ಮುಂದಕ್ಕೆ ಹಾಕಿದಾಗ ಆ ನಡುವಿನ ಕಾಲ ಸುಮ್ಮನೆ ಕುಳಿತಿರುವುದಿಲ್ಲ ಎಂಬ ಮಾತು ಎರಡೂ ಕಡೆ ಒಂದೇ.

ಓಸ್ಲೋದ ಐದು ವರ್ಷ

1993ರಲ್ಲಿ ನಾರ್ವೆ ದೇಶದಲ್ಲಿ ಗುಟ್ಟಾಗಿ ನಡೆದ ಮಾತುಕತೆಯ ಫಲವಾಗಿ ಓಸ್ಲೋ ಒಡಂಬಡಿಕೆ ಹುಟ್ಟಿತು. ಸೆಪ್ಟೆಂಬರ್ 13ರಂದು ಶ್ವೇತಭವನದ ಅಂಗಳದಲ್ಲಿ ರಬಿನ್ ಮತ್ತು ಅರಾಫತ್ ಕೈಕುಲುಕಿದ ಚಿತ್ರವನ್ನು ಹಿರಿಯ ಓದುಗರು ಅಂದಿನ ಪತ್ರಿಕೆಗಳಲ್ಲಿ ಕಂಡಿರುತ್ತೀರಿ. ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆ ಇಸ್ರೇಲಿನ ಅಸ್ತಿತ್ವದ ಹಕ್ಕನ್ನು ಮಾನ್ಯ ಮಾಡಿತು. ಇಸ್ರೇಲ್ ಆ ಸಂಘಟನೆಯನ್ನು ಪ್ಯಾಲೆಸ್ಟೀನಿಯರ ಪ್ರತಿನಿಧಿಯೆಂದು ಒಪ್ಪಿತು. ಪ್ಯಾಲೆಸ್ಟೀನ್ ರಾಜ್ಯವನ್ನು ಒಪ್ಪಲಿಲ್ಲ.

ಆಶ್ಚರ್ಯವೆಂದರೆ ಇಲ್ಲಿಯೂ ಕ್ಯಾಂಪ್ ಡೇವಿಡ್ಡಿನ ಎರಡನೆಯ ಪತ್ರದ ಅಳತೆಯೇ ಮರಳಿ ಬಂತು: ಐದು ವರ್ಷ ಮಧ್ಯಕಾಲ, ಮೂರನೆಯ ವರ್ಷದ ಆರಂಭದೊಳಗೆ ಅಂತಿಮ ಮಾತುಕತೆ. ಜೆರುಸಲೇಂ, ನಿರಾಶ್ರಿತರು, ವಸಾಹತುಗಳು, ಗಡಿ, ಭದ್ರತೆ, ಎಲ್ಲವನ್ನೂ ಮುಂದಕ್ಕೆ ಹಾಕಲಾಯಿತು. ಮಾಡಿದವರು ಮೂಢರಲ್ಲ. ಮೊದಲು ಜೊತೆಯಲ್ಲಿ ಕೆಲಸ ಮಾಡಿ ವಿಶ್ವಾಸ ಗಳಿಸಿಕೊಳ್ಳೋಣ, ವಿಶ್ವಾಸ ಬಂದ ಮೇಲೆ ಕಠಿಣ ಮಾತು ಸುಲಭವಾದೀತೆಂಬುದು ಅವರ ಎಣಿಕೆ.

ಆ ನಡುವಿನ ಕಾಲವನ್ನು ಶಾಂತಿಯ ವಿರೋಧಿಗಳು ಬಳಸಿಕೊಂಡರು. 1994ರ ಫೆಬ್ರುವರಿಯಲ್ಲಿ ಹೆಬ್ರಾನಿನಲ್ಲಿ ಪ್ರಾರ್ಥನೆಯಲ್ಲಿದ್ದ 29 ಮುಸ್ಲಿಮರನ್ನು ಒಬ್ಬ ಯೆಹೂದ್ಯ ವಲಸಿಗ ಗುಂಡಿಟ್ಟು ಕೊಂದ. ಏಪ್ರಿಲ್‌ನಿಂದ ಹಮಾಸ್ ಇಸ್ರೇಲಿನ ಊರುಗಳಲ್ಲಿ ಆತ್ಮಾಹುತಿ ಬಾಂಬುಗಳನ್ನು ಸಿಡಿಸತೊಡಗಿತು. 1995ರ ನವೆಂಬರ್ 4ರಂದು ಶಾಂತಿಸಭೆಯಿಂದ ಹೊರಬರುತ್ತಿದ್ದ ರಬಿನ್ನರನ್ನು ಒಬ್ಬ ಯೆಹೂದ್ಯ ಯುವಕನೇ ಕೊಂದ. ಸಾದಾತರ ಕೊಲೆಯಿಂದ ಈಜಿಪ್ಟಿನ ಒಪ್ಪಂದ ಬೀಳಲಿಲ್ಲ. ರಬಿನ್ನರ ಕೊಲೆಯಿಂದ ಓಸ್ಲೋ ಮತ್ತೆ ಚೇತರಿಸಿಕೊಳ್ಳಲಿಲ್ಲ. ಮೊದಲನೆಯದರಲ್ಲಿ ಉತ್ತರಾಧಿಕಾರಿ ಮಾಡಬೇಕಾದ ಕೆಲಸ ಬರೆದಿಟ್ಟಿತ್ತು. ಎರಡನೆಯದರಲ್ಲಿ ಎಲ್ಲವೂ ಬಂದವರ ಮನಸ್ಸಿಗೆ ಬಿಟ್ಟದ್ದು.

ಇದೇ ಅವಧಿಯಲ್ಲಿ ನೆಲವೂ ಬದಲಾಗುತ್ತಿತ್ತು. 1995ರ ಎರಡನೆಯ ಒಡಂಬಡಿಕೆ ಪಶ್ಚಿಮ ದಂಡೆಯನ್ನು ಎ, ಬಿ, ಸಿ ಎಂದು ಮೂರು ವಲಯಗಳಾಗಿ ಮಾಡಿತು. ಅದರ ಶೇ. 60ರಷ್ಟು ಭಾಗ 'ಸಿ' ವಲಯವಾಗಿ ಇಸ್ರೇಲಿನ ಪೂರ್ಣ ಹಿಡಿತದಲ್ಲಿ ಉಳಿಯಿತು. ಅದು ತಾತ್ಕಾಲಿಕವೆಂದು ಬರೆದದ್ದು. ಮೂವತ್ತು ವರ್ಷ ದಾಟಿತು. ಪೂರ್ವ ಜೆರುಸಲೇಮನ್ನು ಬಿಟ್ಟು ಪಶ್ಚಿಮ ದಂಡೆಯಲ್ಲಿದ್ದ ಯೆಹೂದ್ಯ ವಲಸಿಗರ ಸಂಖ್ಯೆ 1993ರಲ್ಲಿ ಸುಮಾರು 1 ಲಕ್ಷ 10 ಸಾವಿರ. 2000ದ ಹೊತ್ತಿಗೆ 1 ಲಕ್ಷ 90 ಸಾವಿರದಷ್ಟು. 2023ರಲ್ಲಿ 5 ಲಕ್ಷ. ಯಾವ ಭೂಮಿಯ ಬಗೆಗೆ ಮುಂದೆ ಮಾತನಾಡೋಣ ಎಂದಿದ್ದರೋ ಆ ಭೂಮಿಯ ಮೇಲೆಯೇ ಒಂದು ಪಕ್ಷದವರು ಮನೆ ಕಟ್ಟುತ್ತ ಹೋದರು. ಬಾಂಬುಗಳನ್ನು ಕಂಡ ಇಸ್ರೇಲಿಗರು, ಭೂಮಿ ಕೊಟ್ಟರೆ ಸಾವು ಬರುತ್ತದೆಂದು ತಿಳಿದರು. ವಸಾಹತುಗಳನ್ನು ಕಂಡ ಪ್ಯಾಲೆಸ್ಟೀನಿಯರು, ಮಾತುಕತೆಯೆಂದರೆ ಕಾಲಹರಣವೆಂದು ತಿಳಿದರು. ವಿಶ್ವಾಸ ಬೆಳೆಯಲೆಂದು ಇಟ್ಟುಕೊಂಡ ಕಾಲ ಅವಿಶ್ವಾಸವನ್ನು ಬೆಳೆಸಿತು.

ಕೊನೆಯ ಮಾತನ್ನು ಆಡಿದ ಪ್ರಯತ್ನಗಳೂ ಇವೆ. 2000ದ ಜುಲೈನಲ್ಲಿ ಬರಾಕ್ ಮತ್ತು ಅರಾಫತ್ ಕ್ಯಾಂಪ್ ಡೇವಿಡ್ಡಿನಲ್ಲಿ ಕೂಡಿ ವಿಫಲರಾದರು. ಸೆಪ್ಟೆಂಬರ್‌ನಲ್ಲಿ ಎರಡನೆಯ ದಂಗೆ ಎದ್ದಿತು. ಡಿಸೆಂಬರ್‌ನಲ್ಲಿ ಅಧ್ಯಕ್ಷ ಕ್ಲಿಂಟನ್ ಒಂದು ಸೂತ್ರವನ್ನು ಓದಿ ಹೇಳಿದರು. ಪಶ್ಚಿಮ ದಂಡೆಯ ಶೇ. 94ರಿಂದ 96 ಭಾಗ ಪ್ಯಾಲೆಸ್ಟೀನಿಗೆ. ಉಳಿದುದಕ್ಕೆ ಬದಲಿಯಾಗಿ ಇಸ್ರೇಲಿನಿಂದ ಒಂದಿಷ್ಟು ಭೂಮಿ. ಜೆರುಸಲೇಮಿನಲ್ಲಿ ಅರಬ್ ಕೇರಿಗಳು ಅವರಿಗೆ, ಯೆಹೂದ್ಯ ಕೇರಿಗಳು ಇವರಿಗೆ. ನಿರಾಶ್ರಿತರಿಗೆ ಮುಖ್ಯವಾಗಿ ಹೊಸ ಪ್ಯಾಲೆಸ್ಟೀನ್ ರಾಜ್ಯದಲ್ಲಿ ನೆಲೆ. ಇಬ್ಬರೂ "ಒಪ್ಪಿಗೆ, ಆದರೆ" ಎಂದರು. ಆ 'ಆದರೆ'ಯಲ್ಲಿ ಎಲ್ಲ ಮುಗಿಯಿತು. 2002ರ ಮಾರ್ಚ್‌ನಲ್ಲಿ ಅರಬ್ ರಾಷ್ಟ್ರಗಳು ಬೇರೂತಿನಲ್ಲಿ ಕೂಡಿ, ಇಸ್ರೇಲ್ 1967ರ ಗಡಿಗೆ ಸರಿದರೆ, ಪೂರ್ವ ಜೆರುಸಲೇಂ ರಾಜಧಾನಿಯಾದ ಪ್ಯಾಲೆಸ್ಟೀನನ್ನು ಒಪ್ಪಿದರೆ, ನಿರಾಶ್ರಿತರ ಪ್ರಶ್ನೆಗೆ ನ್ಯಾಯವಾದ ಪರಿಹಾರ ದೊರೆತರೆ ತಾವೆಲ್ಲರೂ ಸ್ನೇಹ ಬೆಳೆಸುವುದಾಗಿ ಹೇಳಿದವು. ಅದೇ ದಿನಗಳಲ್ಲಿ ನೆತಾನ್ಯದ ಹೋಟೆಲೊಂದರಲ್ಲಿ ಹಬ್ಬದ ಊಟಕ್ಕೆ ಕುಳಿತಿದ್ದವರ ನಡುವೆ ಹಮಾಸಿನ ಬಾಂಬು ಸಿಡಿದು 30 ಜನ ಸತ್ತರು. ಬೇರೂತಿನ ಮಾತು ಆ ಸದ್ದಿನಲ್ಲಿ ಕೇಳಿಸಲಿಲ್ಲ. 2008ರಲ್ಲಿ ಪ್ರಧಾನಿ ಓಲ್ಮರ್ಟ್ ಅಬ್ಬಾಸರ ಮುಂದೆ ಒಂದು ನಕ್ಷೆಯನ್ನು ಇಟ್ಟರು. ಆಗ ಓಲ್ಮರ್ಟರು ಭ್ರಷ್ಟಾಚಾರದ ಆರೋಪದಿಂದ ಅಧಿಕಾರ ಬಿಡುವ ಅಂಚಿನಲ್ಲಿದ್ದರು. ಉತ್ತರ ಬರುವ ಮೊದಲೇ ಕಾಲ ಮೀರಿತು.

ಹಾಗಾದರೆ ಕೊನೆಯನ್ನು ಬರೆದರೆ ಸಾಕು, ಶಾಂತಿ ತಾನಾಗಿ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಸಿನಾಯ್ ಮರುಭೂಮಿ, ಅಲ್ಲಿ ಜೆರುಸಲೇಂ ಇರಲಿಲ್ಲ, ನಿರಾಶ್ರಿತರ ಪ್ರಶ್ನೆ ಇರಲಿಲ್ಲ. ಅಲ್ಲದೆ ಈಜಿಪ್ಟ್ ಗಟ್ಟಿಯಾದ ರಾಜ್ಯ. ಕೊಟ್ಟ ಮಾತನ್ನು ನಡೆಸುವ ಶಕ್ತಿ ಅದಕ್ಕಿತ್ತು. ಕೊನೆಯನ್ನು ಬರೆಯುವುದು ಶಾಂತಿಗೆ ಸಾಲದಿರಬಹುದು. ಬರೆಯದೆ ಮಾತ್ರ ಶಾಂತಿ ಬಂದ ಉದಾಹರಣೆ ಆ ನೆಲದಲ್ಲಿಲ್ಲ.

ನಾಲ್ಕು ದಾರಿಗಳು

ಈಗ ಮುಂದಿರುವ ದಾರಿಗಳನ್ನು ನೋಡೋಣ. ಒಂದನೆಯದು, ಜಗಳವನ್ನು ಮುಗಿಸದೆ ಹತೋಟಿಯಲ್ಲಿಟ್ಟುಕೊಳ್ಳುವುದು. 2005ರಲ್ಲಿ ಇಸ್ರೇಲ್ ಗಾಜಾದ 21 ವಸಾಹತುಗಳನ್ನು ತೆರವು ಮಾಡಿ, ಯಾರೊಡನೆಯೂ ಒಪ್ಪಂದ ಮಾಡಿಕೊಳ್ಳದೆ, ಹೊರಬಂದಿತು. 2006ರ ಚುನಾವಣೆಯಲ್ಲಿ ಹಮಾಸ್ ಗೆದ್ದಿತು. 2007ರಲ್ಲಿ ಬಲದಿಂದ ಗಾಜಾವನ್ನು ಹಿಡಿಯಿತು. ಇಸ್ರೇಲ್ ಮತ್ತು ಈಜಿಪ್ಟ್ ಅದರ ಗಡಿಗಳನ್ನು ಬಿಗಿದವು. ಬೇಲಿ ಎತ್ತರವಾಗಿದೆ, ಯಂತ್ರಗಳು ಕಾಯುತ್ತಿವೆ, ಪ್ರಶ್ನೆ ನಿದ್ರಿಸಲಿ ಎಂಬ ನೀತಿ ಹದಿನಾರು ವರ್ಷ ನಡೆಯಿತು. 2023ರ ಅಕ್ಟೋಬರ್ 7ರಂದು ಹಮಾಸಿನವರು ಆ ಬೇಲಿಯನ್ನು ಮುರಿದು ಸುಮಾರು 1,200 ಜನರನ್ನು ಕೊಂದರು, 251 ಜನರನ್ನು ಒತ್ತೆಯಾಳುಗಳನ್ನಾಗಿ ಎಳೆದೊಯ್ದರು. ಮಲಗಿದ್ದ ಮಕ್ಕಳನ್ನೂ ಮುದುಕರನ್ನೂ ಬಿಡದ ಆ ಕೃತ್ಯಕ್ಕೆ ಯಾವ ನೋವೂ ಸಮರ್ಥನೆಯಾಗದು. ಅದರ ಉತ್ತರವಾಗಿ ನಡೆದ ಯುದ್ಧದಲ್ಲಿ 2025ರ ಅಕ್ಟೋಬರ್ ಹೊತ್ತಿಗೆ 67,000ಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರು ಸತ್ತರೆಂದು ಗಾಜಾದ ಆರೋಗ್ಯ ಇಲಾಖೆಯ ಲೆಕ್ಕ. ಅದರಲ್ಲಿ ಹೋರಾಟಗಾರರು ಎಷ್ಟು ಎಂಬುದನ್ನು ಆ ಲೆಕ್ಕ ಬಿಡಿಸಿ ಹೇಳುವುದಿಲ್ಲ. ಆದರೆ ಹೆಂಗಸರು, ಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ಸತ್ತದ್ದು ನಿಸ್ಸಂದೇಹ. ಆ ಕೃತ್ಯಕ್ಕೆ ಇಲ್ಲದ ಸಮರ್ಥನೆ ಹಸಿದ ಕೂಸಿನ ಸಾವಿಗೂ ಇಲ್ಲ. ಮುಂದಕ್ಕೆ ಹಾಕುವ ನೀತಿಯ ಬೆಲೆಯನ್ನು ಇದಕ್ಕಿಂತ ದೊಡ್ಡ ಅಂಕಿಯಲ್ಲಿ ಬರೆಯಲಾಗದು.

ಎರಡನೆಯದು, ನದಿಯಿಂದ ಕಡಲವರೆಗೆ ಒಂದೇ ರಾಜ್ಯ, ಎಲ್ಲರಿಗೂ ಸಮಾನ ಹಕ್ಕು. ಕೇಳಲು ಇದು ಉದಾತ್ತವಾದುದು. 1947ರ ಭಾರತದ ಸಲಹೆಗೂ ಹತ್ತಿರವಾದುದು. ಆ ನೆಲದಲ್ಲಿ ಇಂದು ಸುಮಾರು 70 ಲಕ್ಷ ಯೆಹೂದ್ಯರು, ಹೆಚ್ಚು ಕಡಿಮೆ ಅಷ್ಟೇ ಸಂಖ್ಯೆಯ ಪ್ಯಾಲೆಸ್ಟೀನಿಯರು ಇದ್ದಾರೆ. ತಮ್ಮದೇ ಒಂದು ಮನೆ ಬೇಕೆಂದು ಇಬ್ಬರೂ ಪ್ರಾಣ ಕೊಡುತ್ತಿರುವಾಗ ಒಂದೇ ಮಾಡಿನಡಿ ಸೇರಿಸಿದರೆ ಅದು ಒಳಜಗಳಕ್ಕೆ ಬೀಜವಾದೀತೆಂಬ ಭಯ ಸುಳ್ಳಲ್ಲ. ಇನ್ನು ಸಮಾನ ಹಕ್ಕಿಲ್ಲದ ಒಂದೇ ರಾಜ್ಯವಾದರೆ ಅದು ಒಬ್ಬರ ಮೇಲೆ ಇನ್ನೊಬ್ಬರ ಒಡೆತನವಾಗುತ್ತದೆ. ಅದನ್ನು ಶಾಂತಿ ಎನ್ನಲಾಗದು.

ಮೂರನೆಯದು ಎರಡು ರಾಜ್ಯಗಳು. ಜಗತ್ತಿನ ಬಹುಪಾಲು ಒಪ್ಪಿದ ದಾರಿ ಇದು. 2025ರ ಸೆಪ್ಟೆಂಬರ್ 12ರಂದು ಮಹಾಸಭೆಯಲ್ಲಿ ಭಾರತವೂ ಸೇರಿ 142 ರಾಷ್ಟ್ರಗಳು ಇದರ ಪರವಾಗಿ ಮತ ನೀಡಿದವು. ಅದೇ ತಿಂಗಳು ಬ್ರಿಟನ್, ಫ್ರಾನ್ಸ್, ಕೆನಡಾ, ಆಸ್ಟ್ರೇಲಿಯಗಳು ಪ್ಯಾಲೆಸ್ಟೀನನ್ನು ರಾಜ್ಯವೆಂದು ಮಾನ್ಯ ಮಾಡಿದವು. ಭಾರತ 1988ರಲ್ಲಿಯೇ ಈ ಮಾನ್ಯತೆ ಕೊಟ್ಟಿತ್ತು. 1992ರಲ್ಲಿ ಇಸ್ರೇಲಿನೊಡನೆಯೂ ಪೂರ್ಣ ರಾಯಭಾರ ಸಂಬಂಧ ಬೆಳೆಸಿತು. ಎರಡು ಮನೆಗಳ ಸ್ನೇಹವನ್ನೂ ಉಳಿಸಿಕೊಂಡವರ ಮಾತಿಗೆ ಒಂದು ತೂಕವಿರುತ್ತದೆ. ಆದರೆ ನೆಲದಲ್ಲಿ ಅಡ್ಡಿಗಳು ಗುಡ್ಡದಷ್ಟಿವೆ. ಇಸ್ರೇಲಿನ ಸಂಸತ್ತು 2024ರ ಜುಲೈನಲ್ಲಿ ಪ್ಯಾಲೆಸ್ಟೀನ್ ರಾಜ್ಯವನ್ನು ವಿರೋಧಿಸಿ 68 ಮತಗಳಿಂದ ನಿರ್ಣಯ ಮಾಡಿತು. ಪ್ಯಾಲೆಸ್ಟೀನಿಯರಲ್ಲಿ 2006ರ ಚುನಾವಣೆಯ ತರುವಾಯ 2025 ಮುಗಿಯುವವರೆಗೂ ಶಾಸನಸಭೆಗೆ ಮತದಾನವೇ ನಡೆಯಲಿಲ್ಲ. ಜನರ ಪರವಾಗಿ ಸಹಿ ಹಾಕುವ ಅಧಿಕಾರ ಯಾರದೆಂಬುದೇ ಪ್ರಶ್ನೆಯಾಯಿತು.

ನಾಲ್ಕನೆಯದು, ಎರಡು ರಾಜ್ಯಗಳಾದರೂ ಗೋಡೆ ಎಬ್ಬಿಸದೆ ಕೂಡಿ ಬಾಳುವ ಒಕ್ಕೂಟ. ಜೆರುಸಲೇಮನ್ನು ಹೋಳು ಮಾಡದೆ ಇಬ್ಬರ ರಾಜಧಾನಿಯಾಗಿ ಇಡುವುದು; ನೀರು, ರಸ್ತೆ, ಭದ್ರತೆಗಳಿಗೆ ಜಂಟಿ ಸಮಿತಿ; ವಲಸಿಗನು ಪ್ಯಾಲೆಸ್ಟೀನಿನ ಕಾನೂನಿಗೆ ಒಳಪಟ್ಟು ಅಲ್ಲಿಯೇ ವಾಸಿಸಬಹುದು. ಎರಡೂ ಕಡೆಯ ಕೆಲವು ಪ್ರಾಜ್ಞರು ಕಳೆದ ದಶಕದಿಂದ ಇದನ್ನು ಪ್ರತಿಪಾದಿಸುತ್ತಿದ್ದಾರೆ. ಐದು ಲಕ್ಷ ಜನರನ್ನು ಎಬ್ಬಿಸುವುದು ಅಸಾಧ್ಯವೆನ್ನುವವರಿಗೆ ಇದರಲ್ಲಿ ಒಂದು ಉತ್ತರವಿದೆ. ಪವಿತ್ರ ಸ್ಥಳಗಳನ್ನು ಹಂಚಿಕೊಳ್ಳುವುದು ಸಾಧ್ಯವೇ ಎಂದು ಕೇಳುವವರು ಜೆರುಸಲೇಮಿನಲ್ಲಿ ಕ್ರಿಸ್ತನ ಸಮಾಧಿಯ ಇಗರ್ಜಿಯನ್ನು ನೋಡಬಹುದು. ಅದರೊಳಗೆ ಹಲವು ಕ್ರೈಸ್ತ ಪಂಗಡಗಳ ಪಾಲುಗಳಿವೆ. ಬಾಗಿಲಿನ ಕೀಲಿಕೈ ಶತಮಾನಗಳಿಂದ ಮುಸ್ಲಿಂ ಮನೆತನಗಳ ಕೈಯಲ್ಲಿದೆ. ಯಾರು ಎಲ್ಲಿ ಯಾವ ಹೊತ್ತಿನಲ್ಲಿ ಎಂಬ ಕಟ್ಟಳೆಗೆ 1852ರಷ್ಟು ಹಿಂದೆಯೇ ತುರ್ಕಿಯ ಸುಲ್ತಾನನ ಫರ್ಮಾನಿನ ಆಧಾರವಿದೆ. ಅಲ್ಲಿ ಪ್ರೀತಿ ತುಂಬಿ ಹರಿಯುತ್ತಿದೆಯೆಂದಲ್ಲ. ಕೆಲವೊಮ್ಮೆ ಕೈಮಿಲಾಯಿಸಿದ್ದೂ ಉಂಟು. ಆದರೂ ಕಟ್ಟಳೆಯಿಂದಾಗಿ ಪೂಜೆ ನಿಂತಿಲ್ಲ.

ನನ್ನ ಅಲ್ಪಮತಿಗೆ ತೋರುವುದಿಷ್ಟು. ಮೂರನೆಯ ದಾರಿಯ ಗಡಿ, ನಾಲ್ಕನೆಯ ದಾರಿಯ ಸಹಕಾರ, ಇವೆರಡೂ ಕೂಡಿದ ಪರಿಹಾರವೇ ಎಂದಾದರೂ ನಿಲ್ಲಬಲ್ಲದು. ಅದರ ಮುಖ್ಯಾಂಶಗಳು ಕ್ಲಿಂಟನ್ನರ ಸೂತ್ರದಿಂದ ಮೊದಲ್ಗೊಂಡು ಎಲ್ಲರಿಗೂ ಗೊತ್ತಿವೆ.

ಇಂದಿನ ಕಾಗದದಲ್ಲಿ ಏನಿದೆ?

2025ರ ಅಕ್ಟೋಬರ್‌ನಲ್ಲಿ ಅಮೆರಿಕದ 20 ಅಂಶಗಳ ಯೋಜನೆಯಂತೆ ಕದನವಿರಾಮವಾಯಿತು. ಬದುಕಿದ್ದ ಕೊನೆಯ 20 ಒತ್ತೆಯಾಳುಗಳು ಅಕ್ಟೋಬರ್ 13ರಂದು ಮನೆಗೆ ಮರಳಿದರು. ಸುಮಾರು ಎರಡು ಸಾವಿರ ಪ್ಯಾಲೆಸ್ಟೀನಿಯರು ಸೆರೆಯಿಂದ ಬಿಡುಗಡೆಯಾದರು. ನವೆಂಬರ್ 17ರಂದು ಭದ್ರತಾ ಸಮಿತಿ 2803ನೆಯ ನಿರ್ಣಯದಿಂದ ಅದಕ್ಕೆ ಮುದ್ರೆಯೊತ್ತಿ, ಗಾಜಾಕ್ಕೆ ಒಂದು 'ಶಾಂತಿ ಮಂಡಳಿ'ಗೂ ಅಂತರರಾಷ್ಟ್ರೀಯ ಪಡೆಗೂ 2027ರ ಡಿಸೆಂಬರ್ 31ರವರೆಗೆ ಅಧಿಕಾರ ಕೊಟ್ಟಿತು. ತಾಯಂದಿರ ಕಣ್ಣೀರು ಒರೆಸಿದ ಯಾವ ಕಾಗದವನ್ನೂ ಹೀಗಳೆಯಬಾರದು. ಆದರೆ ಕೊನೆಯ ವಿಚಾರದಲ್ಲಿ ಅದು ಹೇಳುವುದೇನು? ಪ್ಯಾಲೆಸ್ಟೀನ್ ಆಡಳಿತ ಸುಧಾರಿಸಿದ ಮೇಲೆ, ಗಾಜಾದ ಪುನರ್ನಿರ್ಮಾಣ ಮುಂದುವರಿದ ಮೇಲೆ, ಸ್ವಂತ ರಾಜ್ಯದತ್ತ ಒಂದು ನಂಬಲರ್ಹ ಹಾದಿಗೆ ಸನ್ನಿವೇಶ ಕೂಡಿ ಬರಬಹುದು ಎನ್ನುತ್ತದೆ. 'ಬರಬಹುದು' ಎಂಬ ಆ ಪದವನ್ನು ಓದಿದಾಗ ನನ್ನ ಬೆರಳುಗಳು ನಡುಗಿದವು. ನಾನು ದುಂಡಗೆ ಬರೆದಿದ್ದ ಸಾಲು ನೆನಪಾಯಿತು.

ಆದ್ದರಿಂದ ಆಗಬೇಕಾದುದು ಇದು. ಮಧ್ಯಕಾಲ ಬೇಕೇ ಬೇಕು; ಸುಟ್ಟ ಊರಿನಲ್ಲಿ ಒಂದೇ ದಿನದಲ್ಲಿ ರಾಜ್ಯ ಕಟ್ಟಲಾಗದು. ಆದರೆ ಮಧ್ಯಕಾಲದ ಕೊನೆಗೆ ಏನೆಂಬುದನ್ನು ಈಗಲೇ ಬರೆಯಬೇಕು. ನಡುವಿನ ಕಾಲದಲ್ಲಿ ಒಬ್ಬರು ಹೊಸ ಮನೆ ಕಟ್ಟಬಾರದು, ಇನ್ನೊಬ್ಬರು ಆಯುಧ ಮಸೆಯಬಾರದು. ಮಾತು ತಪ್ಪಿದವರಿಗೆ ಏನು, ತಕರಾರು ಬಂದರೆ ತೀರ್ಪು ಯಾರದು ಎಂಬುದು ತಾಬಾದ ಪಂಚಾಯ್ತಿಯಂತೆ ಮೊದಲೇ ನಿಗದಿಯಾಗಬೇಕು. ಇಸ್ರೇಲಿಗನಿಗೆ ಅಕ್ಟೋಬರ್ 7 ಮತ್ತೆ ಬಾರದೆಂಬ ಭದ್ರತೆಯೂ ಪ್ಯಾಲೆಸ್ಟೀನಿಯನಿಗೆ ತನ್ನ ಮಗ ತನ್ನ ರಾಜ್ಯದ ಪ್ರಜೆಯಾಗುವನೆಂಬ ಭರವಸೆಯೂ ಒಂದೇ ಹಾಳೆಯಲ್ಲಿ ಇರಬೇಕು.

ಇದಕ್ಕೆ ಅಲ್ಲಿಯ ಜನರ ಮನಸ್ಸು ಸಿದ್ಧವಿದೆಯೇ? ಬಹುಪಾಲಿಗೆ ಇಲ್ಲ; ಗಾಯ ಹಸಿಯಾಗಿದೆ. ಆದರೆ ಒಂದು ಸಂಗತಿ ಹೇಳುತ್ತೇನೆ. 1994ರಲ್ಲಿ ಯಿತ್ಝಾಕ್ ಫ್ರಾಂಕೆಂಥಾಲ್ ಎಂಬ ಇಸ್ರೇಲಿಯ ಮಗನನ್ನು ಹಮಾಸಿನವರು ಅಪಹರಿಸಿ ಕೊಂದರು. ಮರುವರ್ಷ ಆ ತಂದೆ ಮಕ್ಕಳನ್ನು ಕಳೆದುಕೊಂಡ ಕುಟುಂಬಗಳ ಒಂದು ಕೂಟವನ್ನು ಕಟ್ಟಿದರು. ಅದರಲ್ಲಿ ಇಂದು ಇಸ್ರೇಲಿನ, ಪ್ಯಾಲೆಸ್ಟೀನಿನ ನೂರಾರು ಕುಟುಂಬಗಳಿವೆ. ತಮ್ಮ ಮಗುವನ್ನು ಕೊಂದ ಪಕ್ಷದ ತಾಯಿಯ ಪಕ್ಕದಲ್ಲಿ ಕುಳಿತು ಅವರು ಶಾಲೆಗಳಿಗೆ ಹೋಗಿ ಮಾತನಾಡುತ್ತಾರೆ. 2023ರ ತರುವಾಯವೂ ಆ ಕೂಟ ಒಡೆಯಲಿಲ್ಲ. ಎಲ್ಲರಿಗಿಂತ ಹೆಚ್ಚು ದ್ವೇಷಿಸಲು ಕಾರಣವುಳ್ಳವರು ಜೊತೆಯಲ್ಲಿ ಕುಳಿತಿರುವಾಗ, ಏನನ್ನೂ ಕಳೆದುಕೊಳ್ಳದ ನಾವು ಸಾವಿರಾರು ಮೈಲಿ ದೂರದಲ್ಲಿ ನಮ್ಮ ಪಡಸಾಲೆಯಲ್ಲಿ ಪಕ್ಷ ಕಟ್ಟಿ ಜಗಳವಾಡುವುದು ನಾಚಿಕೆಯ ಸಂಗತಿಯಲ್ಲವೇ?

ಹಾವೇರಿ ಸೀಮೆಯ ಆ ತಾಯಿಗೆ ನನ್ನ ಉತ್ತರ ಇಷ್ಟೆ: ಮುಗಿಯಬಹುದು ತಾಯಿ. ಎಂದು ಮುಗಿದೀತೆಂದು ಹೇಳುವ ಜ್ಞಾನ ನನಗಿಲ್ಲ. ಮುಂದೆ ನೋಡೋಣ ಎಂಬ ಮಾತು ಇರುವವರೆಗೆ ಮುಗಿಯುವುದಿಲ್ಲ ಎಂಬುದನ್ನು ಮಾತ್ರ ಬಲ್ಲೆ.

ಕೆಲವು ವರ್ಷಗಳ ಹಿಂದೆ ಆ ಬಾವಿಯ ಊರಿಗೆ ಹೋಗಿದ್ದೆ. ಅಣ್ಣತಮ್ಮಂದಿರಿಬ್ಬರೂ ತೀರಿಕೊಂಡಿದ್ದರು. ಬಾವಿಯಲ್ಲಿ ನೀರಿರಲಿಲ್ಲ, ಜಾಲಿ ಬೆಳೆದು ಬಾಯಿ ಮುಚ್ಚಿತ್ತು. ಮೊಮ್ಮಕ್ಕಳಿಬ್ಬರು ನನ್ನನ್ನು ಅಲ್ಲಿಗೆ ಕರೆದೊಯ್ದರು. "ಅಜ್ಜಾರ, ಇದರ ಸಲುವಾಗಿ ನಮ್ಮ ಅಜ್ಜಂದಿರು ಯಾಕ ಜಗಳಾಡಿದ್ರು?" ಎಂದು ಕೇಳಿದರು. ಆ ಸಾಲನ್ನು ಬರೆದವನು ನಾನೇ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಈಗ ಈ ಅಂಕಣದಲ್ಲಿ ಹೇಳಿದ್ದೇನೆ.